ಜರೀನಾ ಅವರ ಗೆರೆಗೆ ಊರಿಲ್ಲವೇ?

ಅಮೂರ್ತ ಕಲೆಯೆಂದರೆ ರಾಜಕೀಯದಿಂದ ನುಣುಚಿಕೊಳ್ಳುವವರ ಆಶ್ರಯ ಎಂಬ ಮಾತನ್ನು ನಮ್ಮ ಪ್ರಗತಿಪರ ವಲಯಗಳಲ್ಲಿ ಕೇಳಿ ಬೇಸತ್ತಿದ್ದೇನೆ. ಇದರ ಅವಳಿ ಮಾತು ಪಶ್ಚಿಮದ ಗ್ಯಾಲರಿಗಳಲ್ಲಿದೆ: ಕೆಲವೇ ಗೆರೆಗಳ ಇಂಥ ಮಿತ ಕಲೆ ವಿಶ್ವಾತ್ಮಕ, ಅದಕ್ಕೆ ಊರೂ ಇಲ್ಲ, ಭಾಷೆಯೂ ಇಲ್ಲ. ಎರಡನ್ನೂ ಸುಳ್ಳಾಗಿಸಲು ಜರೀನಾ ಹಾಶ್ಮಿ ಒಬ್ಬರೇ ಸಾಕು.

1937ರಲ್ಲಿ ಅಲೀಗಢದಲ್ಲಿ ಹುಟ್ಟಿ, ಗಣಿತ ಓದಿ, 1960ರ ದಶಕದಲ್ಲಿ ಪ್ಯಾರಿಸ್ಸಿನ ಅಟೆಲಿಯೆ 17ರಲ್ಲಿ ಸ್ಟ್ಯಾನ್ಲಿ ಹೇಟರ್ ಬಳಿ ಮುದ್ರಣಕಲೆ ಕಲಿತವರು ಅವರು. ಬಣ್ಣದ ಮುದ್ರಣಕ್ಕೆ ಹೆಸರಾದ ಕಾರ್ಯಾಗಾರವದು. ಎಣ್ಣೆಯ ಪ್ರಮಾಣ ಬದಲಿಸಿ ಶಾಯಿಗಳ ಜಿಗುಟನ್ನು ಹೆಚ್ಚುಕಡಿಮೆ ಮಾಡಿ, ಮೆದು ಮತ್ತು ಗಟ್ಟಿ ರೋಲರುಗಳಿಂದ ಸವರಿದರೆ, ಒಂದೇ ಲೋಹದ ಫಲಕದ ಮೇಲೆ ಹಲವು ಬಣ್ಣಗಳು ಬೆರೆಯದೆ ನಿಲ್ಲುತ್ತವೆ. ಒಂದೇ ಒತ್ತಿಗೆ ಕಾಗದಕ್ಕಿಳಿಯುತ್ತವೆ. ಚಿತ್ತೂರು ಸೀಮೆಯ ಕೃಷ್ಣಾರೆಡ್ಡಿ ಈ ವಿಧಾನ ರೂಪಿಸಿದವರಲ್ಲೊಬ್ಬರು. ಅಂಥಲ್ಲಿ ಪಳಗಿದ ಜರೀನಾ ತಮ್ಮ ಪ್ರಮುಖ ಕೃತಿಗಳಿಗೆ ಮರದ ಹಲಗೆಯನ್ನೂ ಕಪ್ಪು ಶಾಯಿಯನ್ನೂ ಆರಿಸಿಕೊಂಡರು. ಬಣ್ಣ ಬಾರದೆ ಮಾಡಿದ ಆಯ್ಕೆಯಲ್ಲ ಇದು.

2001ರ ‘ಡಿವೈಡಿಂಗ್ ಲೈನ್’ ನೋಡಿ. ಕಾಗದದ ಮೇಲೆ ಅಂಕುಡೊಂಕಾದ ಒಂದು ಕಪ್ಪು ಗೆರೆ, 1947ರ ಗಡಿ. ಮರದಚ್ಚಿನಲ್ಲಿ ಗೆರೆ ಕಪ್ಪಾಗಿ ಮೂಡಬೇಕಾದರೆ ಗೆರೆಯನ್ನು ಕೊರೆಯುವಂತಿಲ್ಲ. ಅದರ ಎರಡೂ ಬದಿಯ ಮರವನ್ನು ಕೆತ್ತಿ ತೆಗೆಯಬೇಕು. ನೆಲ ಹೋಗುತ್ತದೆ, ಗೆರೆ ಉಳಿಯುತ್ತದೆ. ಹತ್ತನೆಯ ವಯಸ್ಸಿನಲ್ಲಿ ವಿಭಜನೆಯನ್ನೂ, ಮುಂದೆ ಹೆತ್ತವರು ಕರಾಚಿಗೆ ಹೊರಟದ್ದನ್ನೂ ಕಂಡವರ ಕೆತ್ತನೆಯಿದು. ಇದಕ್ಕಿಂತ ನೇರವಾದ ರಾಜಕೀಯ ನಮ್ಮ ಯಾವ ಭಿತ್ತಿಪತ್ರದಲ್ಲಿದೆ?

ಗ್ಯಾಲರಿಗಳ ಮಾತಿಗೆ ಉತ್ತರ 1999ರ ‘ಹೋಮ್ ಈಸ್ ಎ ಫಾರಿನ್ ಪ್ಲೇಸ್’ ಸರಣಿಯಲ್ಲಿದೆ. ಅದರ 36 ಮುದ್ರಣಚಿತ್ರಗಳಲ್ಲಿ ಪ್ರತಿಯೊಂದೂ ಒಂದೊಂದು ಉರ್ದು ಪದದಿಂದ ಹುಟ್ಟಿದ್ದು: ಮನೆ, ಹೊಸ್ತಿಲು, ಹೀಗೆ. ಪದವೂ ಚಿತ್ರದೊಡನೆಯೇ ಅಚ್ಚಾಗಿದೆ. ದಶಕಗಳ ಕಾಲ ನ್ಯೂಯಾರ್ಕಿನಲ್ಲಿದ್ದು, 2020ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಅವರಿಗೆ ಕೊನೆಗೂ ಮನೆಯಾಗಿ ಉಳಿದದ್ದು ಈ ಭಾಷೆಯೇ ಇರಬೇಕು.

ಇವನ್ನು ಕಂಡು ಕಣ್ಣು ತೇವಗೊಳ್ಳುವ ಅನಿವಾಸಿ ಕನ್ನಡಿಗರು ನೆನೆಯಬೇಕಾದುದೊಂದಿದೆ. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಉರ್ದು ವಾರ್ತೆ ಆರಂಭಿಸಿದ್ದಕ್ಕೆ ಗಲಭೆಯೆದ್ದು ಜನ ಸತ್ತರು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡದ ನಂತರ ಅತಿ ಹೆಚ್ಚು ಮಂದಿಯ ತಾಯ್ನುಡಿ ಉರ್ದು. ಊರಿನಲ್ಲಿ ಅದನ್ನು ಪರಕೀಯವೆಂದು ಕಂಡವರು, ವಿದೇಶದ ಗೋಡೆಯ ಮೇಲೆ ಅದೇ ಲಿಪಿಯನ್ನು ಸೊಗಸಾದ ವಿನ್ಯಾಸವೆಂದು ಮೆಚ್ಚುವುದು ಎಂಥ ರಸಿಕತೆ?

ನನಗೂ ಆ ಲಿಪಿ ಬಾರದು. ಶಾಲೆಯಲ್ಲಿ ಪಕ್ಕದ ಬೆಂಚಿನವರು ಅದನ್ನು ಓದುತ್ತಿದ್ದರು. ಕೇಳಿ ಕಲಿಯೋಣವೆಂದು ಹತ್ತು ವರ್ಷಗಳಲ್ಲಿ ಒಮ್ಮೆಯೂ ಅನ್ನಿಸಲಿಲ್ಲ.