ಹೊಲದ ಮಣ್ಣಿಗೆ ಪರೀಕ್ಷೆ ಮಾಡಿಸ್ತೀರಿ, ಮನೆಯ ನೀರಿಗೆ ಯಾವಾಗ?

ಸುಣ್ಣಕಲ್ಲಿನ ನಾಡಿನಲ್ಲಿ ನೆಲದಿಂದ ರೇಡಾನ್ ಅನ್ನೋ ಅನಿಲ ಮನೆಯೊಳಗೆ ಸೇರುತ್ತದೆ, ಪರೀಕ್ಷೆ ಮಾಡಿಸಿ ಅಂತ ಮೊಬೈಲಿಗೆ ವಿಡಿಯೊ ಬರುತ್ತವೆ. ಕಾಗವಾಡ ಕಡೆಯ ಯುವ ರೈತರು "ನಮಗೂ ಇದು ಬೇಕೇನ್ರಿ?" ಅಂತ ಕೇಳಿದರೆ ನಾನು ಹೇಳೋದು ಇಷ್ಟೇ: ಮೊದಲು ಬೋರಿನ ನೀರು ಪರೀಕ್ಷೆ ಮಾಡಿಸ್ರಿ.

ರೇಡಾನ್ ಸುಳ್ಳಲ್ಲ. ಕಲ್ಲಿನೊಳಗಿನ ಯುರೇನಿಯಂನಿಂದ ಅದು ಹುಟ್ಟುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ದೊಡ್ಡ ಕಾರಣಗಳಲ್ಲಿ ಅದೂ ಒಂದು. ನಮ್ಮ ರಾಜ್ಯದಲ್ಲೇ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಸುಣ್ಣಕಲ್ಲಿನ ಪದರದಲ್ಲಿ ಯುರೇನಿಯಂ ಸಿಕ್ಕಿದೆ. ಆದರೆ ನಮ್ಮ ಎರೆಮಣ್ಣಿನ ಕೆಳಗಿರೋದು ಬಸಾಲ್ಟ್ ಕರಿಕಲ್ಲು. ಗ್ರಾನೈಟಿಗೆ ಹೋಲಿಸಿದರೆ ಇದರಲ್ಲಿ ಯುರೇನಿಯಂ ಬಹಳ ಕಡಿಮೆ.

ನಮ್ಮ ಕಣ್ಣಿಗೆ ಕಾಣದ ವೈರಿ ಬೇರೆ ಇದೆ. ಅದು ನೈಟ್ರೇಟ್. ಉಗಾರ, ಶಿರಗುಪ್ಪಿ, ಐನಾಪುರ, ಎಲ್ಲಿ ನೋಡಿದರೂ ಕಬ್ಬು. 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕ ಇರುತ್ತದೆ. ಬೆಳೆ ಉಂಡು ಬಿಟ್ಟಿದ್ದು ನೈಟ್ರೇಟ್ ಆಗಿ, ನಾವು ಹಾಯಿಸಿದ ನೀರಿನ ಜೊತೆ ಕೆಳಗಿಳಿಯುತ್ತದೆ. ಬಾವಿ ಹತ್ತಿರದ ತಿಪ್ಪೆ, ಶೌಚದ ಗುಂಡಿಯಿಂದಲೂ ಸೇರುತ್ತದೆ.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಅಂತ ಭಾರತೀಯ ಮಾನಕ ಹೇಳುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಅಂಥ ನೀರಲ್ಲಿ ಪುಡಿ ಹಾಲು ಕಲಸಿ ಕುಡಿಸಿದರೆ ರಕ್ತಕ್ಕೆ ಆಮ್ಲಜನಕ ಒಯ್ಯೋ ಶಕ್ತಿ ಕುಂದಿ, ತುಟಿ, ಉಗುರು ನೀಲಿಗಟ್ಟಬಹುದು. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

"ನೀರು ಕುದಿಸಿ ಕುಡೀತೀವಿ" ಅನ್ನೋರಿಗೆ ಒಂದು ಮಾತು: ಕುದಿಸಿದರೆ ನೀರು ಆವಿಯಾಗುತ್ತದೆ, ನೈಟ್ರೇಟ್ ಅಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಆನ್‌ಲೈನಿನಲ್ಲಿ ತರಿಸಿದ ಟಿಡಿಎಸ್ ಮೀಟರ್ ಒಟ್ಟು ಲವಣ ತೋರಿಸುತ್ತದೆ, ನೈಟ್ರೇಟ್ ಎಷ್ಟು ಅಂತ ಹೇಳೋದಿಲ್ಲ. ಆರ್‌ಒ ಯಂತ್ರ ಬಹುಪಾಲು ತೆಗೆಯುತ್ತದೆ, ಆದರೆ ಅದರಿಂದ ಬಂದ ನೀರನ್ನೂ ಪರೀಕ್ಷಿಸಬೇಕು.

ಮಾಡೋದು ಸುಲಭ. ಮೋಟರ್ ಐದು ನಿಮಿಷ ಓಡಲಿ. ಸ್ವಚ್ಛ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬಿ, ಊರು, ದಿನಾಂಕ ಬರೆದು, ತಂಪಿನಲ್ಲಿಟ್ಟು, ಅದೇ ದಿನ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕೊಡಿ. "ನೈಟ್ರೇಟ್ ನೋಡಬೇಕು" ಅಂತ ಬಾಯಿಬಿಟ್ಟು ಹೇಳಿ. ಪಂಚಾಯ್ತಿಯಲ್ಲಿ ಪರೀಕ್ಷಾ ಕಿಟ್ ಇದೆಯಾ ಅಂತಲೂ ಕೇಳ್ರಿ. ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಮಾಡಿಸಿದರೆ ಒಳ್ಳೇದು.

ನನ್ನ ಅಭಿಪ್ರಾಯ ಇಷ್ಟು: ಪ್ರತಿ ಸಾರ್ವಜನಿಕ ಬೋರಿನ ಫಲಿತಾಂಶವನ್ನು ಪಂಚಾಯ್ತಿ ಗೋಡೆ ಮೇಲೆ ಬರೆಸಬೇಕು. ಅದನ್ನು ಗ್ರಾಮಸಭೆಯಲ್ಲಿ ಕೇಳಬೇಕಾದವರು ನೀವೇ. ಜೊತೆಗೆ ಹೊಲದಲ್ಲಿ ಯೂರಿಯಾವನ್ನು ಮಣ್ಣು ಪರೀಕ್ಷೆಯ ಲೆಕ್ಕದಂತೆ ಕಂತು ಕಂತಾಗಿ ಕೊಡಿ, ಹನಿ ನೀರಾವರಿ ಇದ್ದರೆ ಅದರಲ್ಲೇ ಕೊಡಿ. ಗೊಬ್ಬರದ ದುಡ್ಡೂ ಉಳಿಯುತ್ತದೆ, ಬಾವಿಯೂ ಉಳಿಯುತ್ತದೆ.