ದುರುಗಪ್ಪ ಹೆಂಗಸಲ್ಲ ಸ್ವಾಮಿ

ನಮ್ಮಪ್ಪನ ಹೆಸರು ದುರುಗಪ್ಪ. ವಯಸ್ಸು 70 ದಾಟಿದೆ. ನಾಲ್ಕು ತಿಂಗಳಿಂದ ಪಿಂಚಣಿ ಬಂದಿಲ್ಲ. ಕೇಳೋಕೆ ಹೋದರೆ ಕಂಪ್ಯೂಟರ್ ಮುಂದೆ ಕೂತವರು "ಇದರಲ್ಲಿ ದುರ್ಗಾ ಅಂತ ಇದೆ, ಹೆಂಗಸು. ಅವರನ್ನೇ ಕರ್ಕೊಂಡು ಬನ್ನಿ" ಅಂದರು. ಯಾರೋ ಟೈಪ್ ಮಾಡುವಾಗ ಅಪ್ಪನನ್ನ ಹಾರಿಸಿ, ಲಿಂಗದ ಜಾಗದಲ್ಲಿ ಹೆಣ್ಣು ಅಂತ ಒತ್ತಿದಾರೆ. ಸಾಲಲ್ಲಿ ನಿಂತವರು ನಕ್ಕರು. ನಮ್ಮಪ್ಪನೂ ನಕ್ಕ. ನನಗೆ ನಗು ಬರಲಿಲ್ಲ.

ಇದನ್ನ ಟೈಪಿಂಗ್ ಮಿಸ್ಟೇಕ್ ಅಂತ ಬಿಡೋಕಾಗಲ್ಲ ಗೆಳೆಯರೇ. ನಮ್ಮ ಕೇರಿಗಳಲ್ಲಿ ತಾಯಿ ಒಬ್ಬಳೇ, ಅವಳ ಹೆಸರು ಗಂಡಿಗೂ ಇಡ್ತೀವಿ, ಹೆಣ್ಣಿಗೂ ಇಡ್ತೀವಿ. ಎಲ್ಲಪ್ಪ-ಎಲ್ಲಮ್ಮ, ಮಾರೆಪ್ಪ-ಮಾರೆಮ್ಮ, ಹುಲಿಗೆಪ್ಪ-ಹುಲಿಗೆಮ್ಮ. ಗಂಡೋ ಹೆಣ್ಣೋ ಅಂತ ಹೇಳೋದು ಕೊನೆಗೆ ಬರೋ ಅಪ್ಪ, ಅಮ್ಮ ಮಾತ್ರ. ಮರ್ಯಾದೆ ಇರೋದೂ ಅಲ್ಲೇ. ಊರ ಗೌಡ ಕತ್ತರಿಸಿದ್ದೂ ಅದನ್ನೇ. ದುರುಗಪ್ಪ "ಲೇ ದುರುಗ" ಆದ, ದುರುಗಮ್ಮ "ಲೇ ದುರುಗಿ" ಆದಳು. ಅವಮಾನ ಮಾಡುವಾಗಲೂ ಗೌಡನಿಗೆ ಗಂಡು-ಹೆಣ್ಣು ತಪ್ಪಲಿಲ್ಲ ನೋಡಿ. ಕಂಪ್ಯೂಟರಿಗೆ ಅದೂ ತಪ್ಪಿತು.

ಕಾರಂತರ 'ಚೋಮನ ದುಡಿ' 1933ರದ್ದು. ಅದರಲ್ಲಿ ಚೋಮ ಕೊನೆತನಕ ಚೋಮನೇ. ಒಡೆಯ ಸಂಕಪ್ಪಯ್ಯ. ಒಬ್ಬನಿಗೆ ಅಪ್ಪನೂ ಇಲ್ಲ, ಇನ್ನೊಬ್ಬನಿಗೆ ಅಪ್ಪನ ಮೇಲೆ ಅಯ್ಯ ಬೇರೆ!

ಮನುಸ್ಮೃತಿಯ 2ನೇ ಅಧ್ಯಾಯ ತೆಗೆದು ನೋಡಿ. ಬ್ರಾಹ್ಮಣನ ಹೆಸರು ಮಂಗಳಕರವಾಗಿರಬೇಕಂತೆ, ಶೂದ್ರನದ್ದು ಹೇಸಿಗೆ ಹುಟ್ಟಿಸುವಂತಿರಬೇಕಂತೆ. ಹೆಣ್ಣಿನ ಹೆಸರು ಕರೆಯೋಕೆ ಸುಲಭವಾಗಿರಬೇಕು, ಭಯ ಹುಟ್ಟಿಸಬಾರದು, ದೀರ್ಘ ಸ್ವರದಲ್ಲಿ ಮುಗಿಯಬೇಕು. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಸುಟ್ಟಿದ್ದು ಇದೇ ಪುಸ್ತಕ. ನಮ್ಮ ಮಾರೆಮ್ಮ, ದುರುಗಮ್ಮ ಹೆಸರು ಎತ್ತಿದರೆ ಊರೇ ನಡುಗುತ್ತೆ. ಮನುವಿನ ಯಾವ ಶರತ್ತಿಗೂ ಅವರು ಬಗ್ಗಿಲ್ಲ. 'ದುರ್ಗಾ' ಅನ್ನೋ ದೀರ್ಘ ಕಂಡ ಕೂಡಲೇ ಹೆಣ್ಣು ಅಂತ ಒತ್ತಿದವರು ಮನುವನ್ನ ಓದಿರಲಿಕ್ಕಿಲ್ಲ. ಓದೋ ಅಗತ್ಯವೂ ಇಲ್ಲ ಬಿಡಿ, ಆ ಲೆಕ್ಕಾಚಾರ ಗಾಳಿಯಲ್ಲೇ ಇದೆ.

ಅದೇ ದುರ್ಗಾಪ್ರಸಾದ್ ಬರಲಿ, ಲಕ್ಷ್ಮೀನಾರಾಯಣ ಬರಲಿ, ಸೀತಾರಾಮ ಬರಲಿ. "ನೀವು ಹೆಂಗಸಾ?" ಅಂತ ಯಾವ ಕಚೇರಿಯಲ್ಲಿ ಕೇಳಿದಾರೆ?

ಇನ್ನು ಉಚ್ಚಾರಣೆ. ಗದಗ-ಕೊಪ್ಪಳದ ಕಡೆ ದುರಗವ್ವ ಅಂತಾರೆ, ಚಿತ್ರದುರ್ಗದ ಕಡೆ ದುರುಗಮ್ಮ. ಹಕಾರ ಬಿಡೋ ಬಾಯಲ್ಲಿ ಹುಲಿಗೆಮ್ಮ ಉಲಿಗೆಮ್ಮ ಆಗ್ತಾಳೆ, ಹನುಮಕ್ಕ ಅನುಮಕ್ಕ ಆಗ್ತಾಳೆ. ಮಾತಲ್ಲಿ ಯಾರಿಗೂ ಗೊಂದಲ ಇಲ್ಲ. ಇಂಗ್ಲಿಷಲ್ಲಿ ಬರೆದ ಕೂಡಲೇ ಮೊದಲ ಅಕ್ಷರವೇ ಬೇರೆ. ರೇಷನ್ ಕಾರ್ಡಲ್ಲಿ ಒಬ್ಬಳು, ಆಧಾರಲ್ಲಿ ಇನ್ನೊಬ್ಬಳು, ಮಗಳ ಜಾತಿ ಪ್ರಮಾಣಪತ್ರದಲ್ಲಿ ಮೂರನೆಯವಳು. ಮ್ಯಾಚ್ ಆಗ್ತಿಲ್ಲ ಅಂತ ಅರ್ಜಿ ವಾಪಸ್. ಕೂಲಿ ಬಿಟ್ಟು ಅಫಿಡವಿಟ್ ಮಾಡಿಸಬೇಕಾದವಳು ಆ ತಾಯಿ. ತಪ್ಪು ಬರೆದವರು ಮಾಡಿಸಲ್ಲ. "ನಿಮ್ಮವರಿಗೆ ಸ್ವಂತ ಹೆಸರೇ ಸರಿಯಾಗಿ ಹೇಳೋಕೆ ಬರಲ್ಲ" ಅನ್ನೋ ಮಾತು ಬೇರೆ ಕೇಳಬೇಕು. ಹೆಸರು ನಮ್ಮದು, ನಾವು ಹೇಳಿದ್ದೇ ಸರಿ. ಬರೆದುಕೊಳ್ಳೋದು ಕಲೀರಿ.

ನಮ್ಮದೂ ತಪ್ಪಿದೆ. ಕಾಲೇಜಲ್ಲಿ ನಾನು ಅಪ್ಪನ ಹೆಸರು ಕೇಳಿದಾಗ 'ದುರ್ಗೇಶ್' ಅಂತ ಹೇಳಿದ್ದುಂಟು. ದುರುಗಪ್ಪ ಅನ್ನೋಕೆ ನಾಚಿಕೆ ಆಗಿತ್ತು. ಇವತ್ತು ಕಂಪ್ಯೂಟರಿಗೆ ಬೈಯುವಾಗ ಅದೂ ನೆನಪಾಗುತ್ತೆ.

ಕೇರಿಗಳಲ್ಲಿ ಆಧಾರ್ ಕ್ಯಾಂಪ್ ನಡೆಸೋ ಗೆಳೆಯರೇ, ಎಂಟ್ರಿ ಒತ್ತೋ ಮೊದಲು ಹೆಸರನ್ನ ಒಮ್ಮೆ ಜೋರಾಗಿ ಓದಿ ಹೇಳಿಸಿ. ಅಪ್ಪ, ಅವ್ವ, ಅಕ್ಕ ಪೂರ್ತಿ ಇದೆಯಾ ನೋಡಿ. ಗಂಡು-ಹೆಣ್ಣು ಕಾಲಂ ನೀವೇ ಕಣ್ಣಾರೆ ನೋಡಿ. ನಮ್ಮಪ್ಪನ ತಿದ್ದುಪಡಿ ಅರ್ಜಿ ಸೋಮವಾರ ಕೊಡ್ತೀನಿ. ನಮ್ಮ ಕೇರಿಯ ಇನ್ನೂ ಮೂವರದ್ದು ಇದೆ. ಬರೋರು ಜೊತೆಗೆ ಬನ್ನಿ.

ಜೈ ಭೀಮ್.