ನಾಟಾ ಇಳಿಸುವ ದಾರಿ ನಮ್ಮ ಕೈಯಲ್ಲಿರಲಿ

ಮರ ಕಡಿಯುವುದು ಒಂದು ದಿನದ ಕೆಲಸ. ಕಡಿದ ಮರವನ್ನು ರಸ್ತೆ ಮುಟ್ಟಿಸುವುದು ಒಂದು ಹಂಗಾಮಿನ ಕೆಲಸ. ಹಾಗೆ ಮುಟ್ಟಿಸುವಾಗ ಗುಡ್ಡಕ್ಕೆ ಬಿದ್ದ ಗಾಯ ಮಾಯಬೇಕಾದರೆ ಎಷ್ಟೋ ಮಳೆಗಾಲಗಳು ಕಳೆಯಬೇಕು. ಈ ಮೂರರಲ್ಲಿ ನಮ್ಮ ಬೆಳೆಗಾರರು ಮೊದಲನೆಯದಕ್ಕೆ ಪರವಾನಗಿಗಾಗಿ ಓಡಾಡುತ್ತಾರೆ, ಎರಡನೆಯದನ್ನು ನಾಟಾ ವ್ಯಾಪಾರಿಯ ತಲೆಗೆ ಕಟ್ಟುತ್ತಾರೆ, ಮೂರನೆಯದರ ಯೋಚನೆಯನ್ನೇ ಮಾಡುವುದಿಲ್ಲ. ಮಾಲ್ಕಿ ಮರ ಮಾರುವ ಸದಸ್ಯರಿಗೆ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವುದು ಅವಶ್ಯವೆಂದು ನಮಗೆ ತೋರಿದೆ.

ದಾಂಡೇಲಿಯಿಂದ ಅಂಬಿಕಾನಗರದ ಕಡೆಗೆ ಹೋಗುವ ದಾರಿಯಲ್ಲಿರುವ ಕುಳಗಿಯ ಸುತ್ತಿನಲ್ಲಾಗಲಿ, ಜೋಯಿಡಾದ ಒಳಗಿನ ಹಳ್ಳಿಗಳಲ್ಲಾಗಲಿ, ನಮ್ಮ ಹಿಡುವಳಿಗಳ ನಕ್ಷೆ ಹೆಚ್ಚು ಕಡಿಮೆ ಒಂದೇ. ಕಣಿವೆಯ ತಳದಲ್ಲಿ ಅಡಿಕೆ ತೋಟ. ಅದರ ನೆರಳಿನಲ್ಲಿ ಕಾಳುಮೆಣಸು, ಈಚೆಗೆ ಕೆಲವರಲ್ಲಿ ಕಾಫಿ. ತೋಟದ ಮೇಲೆ ಕಡಿದಾದ ಗುಡ್ಡ. ಗುಡ್ಡದಲ್ಲಿ ಅಜ್ಜನ ಕಾಲದಿಂದ ಬೆಳೆದು ನಿಂತ ಸಾಗವಾನಿ, ಮತ್ತಿ, ನಂದಿ, ಹಲಸು. ಸುತ್ತಲೂ ಸರಕಾರದ ಕಾಡು. ದಾಂಡೇಲಿ ಅಭಯಾರಣ್ಯ ಘೋಷಣೆಯಾದದ್ದು 1956ರಲ್ಲಿ. 2007ರಲ್ಲಿ ಅದು ಅಣಶಿಯೊಡನೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಹೀಗಿರುವಾಗ ನಮ್ಮ ಮರವನ್ನು ಸುಲಭವಾದ ಕಡೆಯಿಂದ, ಅಂದರೆ ಪಕ್ಕದ ಕಾಡಿನ ನೆಲದ ಮೇಲಿಂದ, ಎಳೆದುಕೊಂಡು ಹೋಗುತ್ತೇವೆಂದರೆ ಆಗದು. ಉಳಿಯುವುದು ನಮ್ಮ ಗುಡ್ಡದ ಇಳಿಜಾರು, ನಮ್ಮ ಹಳ್ಳ, ನಮ್ಮ ತೋಟದ ಅಂಚು. ನಷ್ಟವಾದರೂ ನಮ್ಮದೇ.

ಇಲ್ಲಿ ಒಂದು ಸ್ಪಷ್ಟನೆ. ನಾವು ಹೇಳುತ್ತಿರುವುದು ಮಾಲ್ಕಿ ಜಮೀನಿನ ಮರಗಳ ಮಾತು. ನಮ್ಮ ಜಿಲ್ಲೆಯಲ್ಲಿ ಎಕರೆ ತೋಟಕ್ಕೆ ಗರಿಷ್ಠ ಒಂಬತ್ತು ಎಕರೆಯವರೆಗೆ ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕು, ಉರುವಲಿನ ಸವಲತ್ತು ಮಾತ್ರ. ಮರದ ಒಡೆತನ ನಮ್ಮದಲ್ಲ. ಮಾಲ್ಕಿಯಲ್ಲಿಯೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ಗಾಳಿಮರ, ರಬ್ಬರಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಕಡಿದ ಮೇಲೆ ಸಾಗಿಸಲು ಪಾಸು ಬೇರೆ ಆಗಬೇಕು. ಇದೆಲ್ಲ ಸದಸ್ಯರಿಗೆ ಗೊತ್ತಿದ್ದದ್ದೇ. ಗೊತ್ತಿದ್ದರೂ ಯೋಚಿಸದಿರುವುದು, ಅನುಮತಿಗೂ ಪಾಸಿಗೂ ನಡುವೆ ಇರುವ ಆ ಇಳಿಜಾರಿನ ಬಗ್ಗೆ.

ಹಿಂದೆ ಈ ಸೀಮೆಯಲ್ಲಿ ನಾಟಾ ಎಳೆಯುವುದೆಂದರೆ ಆನೆ ಮತ್ತು ಎತ್ತು. ದಾಂಡೇಲಿಯ ಕಾಡುಗಳಲ್ಲಿ ಆನೆ ದಿಮ್ಮಿ ಎಳೆದದ್ದನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಆನೆಗೆ ರಸ್ತೆ ಬೇಡ. ಅದು ಮರ ಮರದ ನಡುವೆ ನುಸುಳುತ್ತದೆ, ಸಿಕ್ಕಿಕೊಂಡ ದಿಮ್ಮಿಯನ್ನು ದಂತದಿಂದ ಸರಿಸುತ್ತದೆ, ಜಾರುವ ಜಾಗದಲ್ಲಿ ಕಾಲಿಡಲು ಒಪ್ಪುವುದಿಲ್ಲ. ಎತ್ತಿನ ಜೋಡಿ ಎರಡು ಗಾಲಿಯ ಗಾಡಿಗೆ ದಿಮ್ಮಿಯ ಮುಂತುದಿ ಕಟ್ಟಿಕೊಂಡು ಸಾವಕಾಶವಾಗಿ ಇಳಿಯುತ್ತಿತ್ತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರದ ವರ್ಷಗಳಲ್ಲಿ ಸರಕಾರಿ ಕಾಡಿನ ಕಡಿತ ಇಳಿಯುತ್ತ ಬಂತು, ಆನೆಯ ಆ ಉದ್ಯೋಗವೂ ಇಳಿಯಿತು. ಎಳೆಯುವ ಎತ್ತುಗಳೂ ಕೊಟ್ಟಿಗೆಯಿಂದ ಹೋದವು. ಅವು ಮರಳಿ ಬರಲಿ ಎಂದು ಹಂಬಲಿಸುವುದರಿಂದ ಪ್ರಯೋಜನವಿಲ್ಲ. ಆದರೆ ಅವುಗಳ ಜೊತೆಗೆ ಹೋದ ಒಂದು ವಿವೇಕವನ್ನು ನಾವು ಉಳಿಸಿಕೊಳ್ಳಬೇಕಿತ್ತು: ಮೊದಲು ದಾರಿ ನೋಡಿ, ಆಮೇಲೆ ಮರ ಕೆಡವುವುದು.

ಈಗ ನಡೆಯುವುದೇನು? ವ್ಯಾಪಾರಿ ಬಂದು ನಿಂತ ಮರಗಳನ್ನು ನೋಡಿ ಒಟ್ಟು ಬೆಲೆ ಹೇಳುತ್ತಾನೆ. ಮಗಳ ಮದುವೆಯೋ ಮನೆಯ ಮಾಡೋ ಎದುರಿಗಿರುವ ಬೆಳೆಗಾರ ಒಪ್ಪುತ್ತಾನೆ. ಕರಾರಿನಲ್ಲಿ ಮರಗಳ ಸಂಖ್ಯೆ, ಹಣ, ಮುಂಗಡ ಇವಿಷ್ಟೇ. ನಾಟಾ ಎಲ್ಲಿಂದ ಇಳಿಯಬೇಕು, ಯಾವ ತಿಂಗಳಿನೊಳಗೆ ಇಳಿಯಬೇಕು, ಕೆಟ್ಟ ಧರೆಯನ್ನು ಯಾರು ಸರಿಪಡಿಸಬೇಕು, ಒಂದು ಸಾಲೂ ಇಲ್ಲ. ದಾರಿಯನ್ನು ನಿರ್ಧರಿಸುವವನು ಜೆಸಿಬಿಯ ಡ್ರೈವರು. ಅವನಿಗೆ ತಾಸಿನ ಲೆಕ್ಕ. ಆದುದರಿಂದ ನೇರ ದಾರಿಯೇ ಅವನಿಗೆ ಸರಿಯಾದ ದಾರಿ. ನೇರ ದಾರಿಯೆಂದರೆ ನೀರು ಹಿಡಿಯುವ ದಾರಿಯೂ ಹೌದು.

ಭಾರದ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಆರು ಅಡಿ ಸುತ್ತಳತೆಯ, ಹತ್ತು ಅಡಿ ಉದ್ದದ ದಿಮ್ಮಿಯೊಂದಿದೆ ಎನ್ನಿ. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ ಉದ್ದದಿಂದ ಗುಣಿಸುವ ವ್ಯಾಪಾರದ ಲೆಕ್ಕದಲ್ಲಿ ಅದು 22.5 ಘನ ಅಡಿ. ಆದರೆ ದುಂಡು ಮರದ ನಿಜವಾದ ಗಾತ್ರ ಸುಮಾರು 28.6 ಘನ ಅಡಿ. ಹಸಿ ಮತ್ತಿಯಂಥ ಮರ ನೀರಿನಷ್ಟೇ ಭಾರ, ಕೆಲವೊಮ್ಮೆ ಹೆಚ್ಚು. ಒಂದು ಘನ ಅಡಿಗೆ 28 ಕಿಲೋ ಹಿಡಿದರೂ ಈ ಒಂದು ತುಂಡು ಎಂಟು ಕ್ವಿಂಟಲ್ ತೂಗುತ್ತದೆ. ಬೆಲೆ ಬರುವುದು 22.5 ಘನ ಅಡಿಗೆ. ಗುಡ್ಡದಿಂದ ಇಳಿಸಬೇಕಾದದ್ದು 28.6 ಘನ ಅಡಿಯ ಭಾರವನ್ನು.

ಒಣ ಮಣ್ಣಿನ ಮೇಲೆ ಇಂಥ ದಿಮ್ಮಿಯನ್ನು ಎಳೆಯಲು ಅದರ ತೂಕದ ಸುಮಾರು ಅರ್ಧದಷ್ಟು ಬಲ ಬೇಕು. ಸಮ ನೆಲದಲ್ಲಿ ನಾಲ್ಕು ಕ್ವಿಂಟಲ್ ಎಳೆತ. ಎರಡು ಅಡಿ ಮುಂದೆ ಹೋದರೆ ಒಂದು ಅಡಿ ಏರುವ ಗುಡ್ಡದಲ್ಲಿ ಮೇಲಕ್ಕೆ ಎಳೆಯಬೇಕಾದರೆ ಏಳು ಕ್ವಿಂಟಲಿಗೂ ಮಿಕ್ಕ ಎಳೆತ. ಅದೇ ಗುಡ್ಡದಲ್ಲಿ ಕೆಳಕ್ಕಾದರೋ ಎಳೆಯುವ ಅಗತ್ಯವೇ ಇಲ್ಲ. ಒಮ್ಮೆ ಅಲುಗಿದರೆ ತಾನಾಗಿ ಹೊರಡುತ್ತದೆ. ತೊಗಟೆ ಸುಲಿದಿದ್ದರೆ, ನೆಲ ಒದ್ದೆಯಾಗಿದ್ದರೆ ಅದಕ್ಕಿಂತ ಕಡಿಮೆ ಇಳಿಜಾರಿನಲ್ಲೂ ಹೊರಡುತ್ತದೆ. ಆ ಕ್ಷಣದಲ್ಲಿ ಕೆಳಗೆ ಹಾರೆ ಹಿಡಿದು ನಿಂತವನ ಗತಿಯೇನು? ಅವನು ನಮ್ಮ ತೋಟಕ್ಕೆ ಕೊನೆ ಕೊಯ್ಲಿಗೆ ಬರುವವನೇ, ನಮ್ಮ ಊರಿನವನೇ. ಮರ ಮಾರಿದ ಮೇಲೆ ಆಳು ವ್ಯಾಪಾರಿಯದೆಂದು ಹೇಳಿ ಕೈತೊಳೆದುಕೊಳ್ಳುವುದು ಮನುಷ್ಯತ್ವವಲ್ಲ.

ಇನ್ನು ನೀರಿನ ಮಾತು. ದಿಮ್ಮಿ ಎಳೆದ ಕೊರಕಲು ಜೂನ್ ತಿಂಗಳಲ್ಲಿ ಕಾಲುವೆಯಾಗುತ್ತದೆ. ಜೆಸಿಬಿ ಕಡಿದ ದಾರಿ ಗುಡ್ಡದ ಬುಡವನ್ನು ಸಡಿಲಿಸಿ, ಕಡಿದ ಮಣ್ಣನ್ನು ಕೆಳಗಿನ ಮಗ್ಗುಲಿಗೆ ಚೆಲ್ಲುತ್ತದೆ. ಆ ಮಣ್ಣು ಮೊದಲ ಮಳೆಗೇ ಹಳ್ಳಕ್ಕೆ, ಹಳ್ಳದಿಂದ ತೋಟದ ಬಸಿಗಾಲುವೆಗೆ ಬರುತ್ತದೆ. ಬಸಿಗಾಲುವೆ ಹೂತರೆ ಅಡಿಕೆಯ ಬೇರು ನೀರಿನಲ್ಲಿ ನಿಲ್ಲುತ್ತದೆ. ಮುಂದಿನದನ್ನು ಅಡಿಕೆ ಬೆಳೆಗಾರರಿಗೆ ನಾವು ಹೇಳಬೇಕಾಗಿಲ್ಲ. 2021ರ ಜುಲೈ ತಿಂಗಳ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳು ಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಕಳಚೆಯ ಕುಸಿತಕ್ಕೆ ನಾಟಾ ದಾರಿ ಕಾರಣವೆಂದು ನಾವು ಹೇಳುತ್ತಿಲ್ಲ. ನಮ್ಮ ಗುಡ್ಡಗಳು ಎಷ್ಟು ನಾಜೂಕಿನವು ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಅಂಥ ಗುಡ್ಡದ ಬುಡವನ್ನು ನಾಲ್ಕು ಲೋಡು ಮರಕ್ಕಾಗಿ ಕೆದಕುವುದು ಬುದ್ಧಿವಂತಿಕೆಯಲ್ಲ.

ಹಾಗಾದರೆ ಮಾಡಬೇಕಾದದ್ದೇನು? ನಮ್ಮ ಅಭಿಪ್ರಾಯದಲ್ಲಿ ಹೀಗೆ.

ಒಂದನೆಯದಾಗಿ, ಕೊಡಲಿ ಹಾಕುವ ಮೊದಲು ಮಾಲಕನೇ ಗುಡ್ಡ ಹತ್ತಿ ಇಳಿಸುವ ದಾರಿಯನ್ನು ಸುಣ್ಣದ ಗುರುತಿನಿಂದ ತೋರಿಸಬೇಕು. ಹಳ್ಳದ ಗುಂಟ ದಾರಿ ಬೇಡ. ನೀರಿನ ಸೆಲೆಯ ಮೇಲ್ಭಾಗದಲ್ಲಿ ಬೇಡವೇ ಬೇಡ. ಮರವನ್ನು ಆ ದಾರಿಗೆ ಅನುಕೂಲವಾಗುವ ದಿಕ್ಕಿಗೆ ಕೆಡವಬೇಕು. ಗುಡ್ಡದ ಮೇಲೆಯೇ ರಸ್ತೆಯಿದ್ದರೆ ಮೇಲಕ್ಕೆ ಎಳೆಯುವುದು ಕಷ್ಟವೆನಿಸಿದರೂ ಲೇಸು. ಮೇಲಕ್ಕೆ ಎಳೆದಾಗ ದಿಮ್ಮಿ ಹಗ್ಗದ ಹಿಡಿತದಲ್ಲಿರುತ್ತದೆ. ಕೊರಕಲುಗಳು ಕೆಳಮುಖವಾಗಿ ಬೇರೆ ಬೇರೆ ಹರಡಿ ನೀರು ಹಂಚಿಹೋಗುತ್ತದೆ. ಕೆಳಕ್ಕೆ ಎಳೆದಾಗ ಎಲ್ಲ ಕೊರಕಲೂ ಒಂದೇ ಜಾಗಕ್ಕೆ ಬಂದು ಸೇರುತ್ತವೆ, ನೀರೂ ಅಲ್ಲಿಗೇ ಬರುತ್ತದೆ.

ಎರಡನೆಯದಾಗಿ, ದಿಮ್ಮಿಯನ್ನು ಮೇಲೆಯೇ ಬೇಕಾದ ಉದ್ದಕ್ಕೆ ತುಂಡು ಮಾಡಬೇಕು. ಉದ್ದದ ನಾಟಾಕ್ಕೆ ಬೆಲೆ ಹೆಚ್ಚೆಂಬುದು ನಿಜ. ಆದರೆ ಆ ಬೆಲೆ ಸಿಗುವುದು ನೆಟ್ಟಗಿನ ಸಾಗವಾನಿಗೆ. ಡೊಂಕು ಮತ್ತಿಯನ್ನು ಇಪ್ಪತ್ತು ಅಡಿ ಉದ್ದಕ್ಕೆ ಎಳೆದು ಧರೆ ಕೆಡಿಸುವುದೆಂದರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಪರವಾನಗಿಯ ಅವಧಿಯಿದ್ದರೆ ಸಾಗವಾನಿಯನ್ನು ಕೆಲವು ತಿಂಗಳು ಒಣಗಲು ಬಿಟ್ಟರೆ ಭಾರ ಇಳಿಯುತ್ತದೆ. ಬರ್ಮಾದಲ್ಲಿ ಸಾಗವಾನಿಯ ಬುಡಕ್ಕೆ ಸುತ್ತ ಕಚ್ಚು ಹಾಕಿ, ನಿಂತಲ್ಲೇ ವರ್ಷಗಟ್ಟಲೆ ಒಣಗಿಸಿ, ಆಮೇಲೆ ಕಡಿದು ನದಿಗೆ ಬಿಡುತ್ತಿದ್ದುದು ಇದೇ ಕಾರಣಕ್ಕೆ. ಮಾವು, ಸಿಲ್ವರ್ ಓಕಿನಂಥ ಮರಗಳನ್ನು ಮಾತ್ರ ಹಾಗೆ ಬಿಡಬಾರದು, ಹುಳ ಬೀಳುತ್ತದೆ.

ಮೂರನೆಯದಾಗಿ, ಯಂತ್ರ ಗುಡ್ಡಕ್ಕೆ ಹತ್ತಬಾರದು, ಹಗ್ಗ ಹತ್ತಬೇಕು. ಟ್ರ್ಯಾಕ್ಟರನ್ನು ಗಟ್ಟಿ ನೆಲದಲ್ಲಿ ನಿಲ್ಲಿಸಿ, ಅದಕ್ಕೆ ಜೋಡಿಸಿದ ವಿಂಚಿನಿಂದ ಉಕ್ಕಿನ ಹಗ್ಗ ಬಿಟ್ಟು ಎಳೆದರೆ ರಸ್ತೆ ಕಡಿಯುವ ಕೆಲಸವೇ ಇಲ್ಲ. ದಿಮ್ಮಿಗೆ ಕಪ್ಪಿ ಕಟ್ಟಿ, ಹಗ್ಗದ ತುದಿಯನ್ನು ವಿಂಚಿನ ಬಳಿಯ ಬೊಡ್ಡೆಗೆ ಬಿಗಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ವೇಗ ಅರ್ಧವಾಗುತ್ತದೆ. ಕಪ್ಪಿಯನ್ನು ದಿಕ್ಕು ತಿರುಗಿಸಲು ಮರಕ್ಕೆ ಕಟ್ಟಿದಾಗ ಆ ಮರದ ಮೇಲೆ ಹಗ್ಗದ ಎಳೆತದ ಎರಡು ಪಟ್ಟಿನವರೆಗೂ ಭಾರ ಬೀಳಬಹುದು. ಟೊಳ್ಳು ಮರಕ್ಕಾಗಲಿ ಲಡ್ಡು ಬೊಡ್ಡೆಗಾಗಲಿ ಕಟ್ಟಬಾರದು. ಹಗ್ಗ ತಿರುಗುವ ಕೋನದ ಒಳಗೆ ಯಾರೂ ನಿಲ್ಲಬಾರದು. ದಿಮ್ಮಿಯ ಮುಂತುದಿಯ ಅಂಚನ್ನು ಕೊಡಲಿಯಿಂದ ದುಂಡಗೆ ಸವರಿದರೆ ಅದು ಮಣ್ಣು ಕಚ್ಚುವುದಿಲ್ಲ. ಮುಂತುದಿಯನ್ನು ಜಾರುಹಲಗೆಯ ಮೇಲೋ ಎರಡು ಗಾಲಿಯ ಮೇಲೋ ಎತ್ತಿ ಕಟ್ಟಿದರೆ ನೆಲಕ್ಕೆ ಉಜ್ಜುವ ಭಾರ ಅರ್ಧಕ್ಕಿಳಿಯುತ್ತದೆ. ನಮ್ಮ ಹಿರಿಯರು ಎತ್ತಿನ ಗಾಡಿಯಲ್ಲಿ ಮಾಡುತ್ತಿದ್ದದ್ದೂ ಇದನ್ನೇ.

ನಾಲ್ಕನೆಯದಾಗಿ, ಮಳೆಗೆ ಮುಂಚೆ ದಾರಿ ಮುಚ್ಚಬೇಕು. ಕೊರಕಲಿಗೆ ಓರೆಯಾಗಿ ಅಲ್ಲಲ್ಲಿ ಒಡ್ಡು ಹಾಕಿ ನೀರನ್ನು ಪಕ್ಕದ ಗಿಡಗಂಟಿಗೆ ತಿರುಗಿಸಬೇಕು. ಇಳಿಜಾರು ಹೆಚ್ಚಿದಷ್ಟೂ ಒಡ್ಡುಗಳು ಹತ್ತಿರ ಹತ್ತಿರ ಇರಬೇಕು. ರೆಂಬೆಕೊಂಬೆಗಳನ್ನು ಸುಡದೆ ಆ ಕೊರಕಲಿನ ಮೇಲೇ ಹರಡಬೇಕು. ಈ ಕೆಲಸ ಮುಗಿಯುವವರೆಗೆ ಮಾರಾಟದ ಹಣದಲ್ಲಿ ಒಂದು ಭಾಗಕ್ಕೆ ಸಮನಾದ ಠೇವಣಿಯನ್ನು ವ್ಯಾಪಾರಿ ಇಟ್ಟಿರಬೇಕೆಂದು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು.

ಇದಕ್ಕೆ ಬರುವ ಆಕ್ಷೇಪಗಳು ನಮಗೆ ಗೊತ್ತಿಲ್ಲದಿಲ್ಲ. ಆಳು ಸಿಗುವುದಿಲ್ಲ, ಜೆಸಿಬಿಯಾದರೆ ಎರಡು ದಿನದಲ್ಲಿ ಮುಗಿಯುತ್ತದೆ, ಇಷ್ಟೆಲ್ಲ ನಿಬಂಧನೆ ಹಾಕಿದರೆ ವ್ಯಾಪಾರಿ ಬೆಲೆ ಇಳಿಸುತ್ತಾನೆ ಎಂದು ಹೇಳುವವರಿದ್ದಾರೆ. ಆಳಿನ ಅಭಾವ ಖಂಡಿತ ಇದೆ. ವ್ಯಾಪಾರಿ ಬೆಲೆ ಇಳಿಸುವುದೂ ನಿಜ. ಆದರೆ ಅವನು ಈಗ ಹೆಚ್ಚಿಗೆ ಕೊಡುತ್ತಿರುವ ಆ ಹಣ ಯಾವುದರ ಬೆಲೆ? ನಮ್ಮ ಧರೆಯ, ನಮ್ಮ ಸೆಲೆಯ ಬೆಲೆ. ಅದನ್ನು ಲಾಭವೆಂದು ತಿಳಿದು ಗಂಟಿಗೆ ಕಟ್ಟಿಕೊಳ್ಳುತ್ತಿದ್ದೇವೆ. ಬಸಿಗಾಲುವೆಯ ಹೂಳು ತೆಗೆಸುವ ಕೂಲಿ, ಸತ್ತ ಅಡಿಕೆ ಮರದ ಜಾಗಕ್ಕೆ ಸಸಿ ನೆಟ್ಟು ಫಲ ಕಾಣುವವರೆಗಿನ ಐದಾರು ವರ್ಷ, ಇವನ್ನು ಅದೇ ಕಾಗದದ ಮೇಲೆ ಬರೆದು ಕೂಡಿಸಿದರೆ ಯಾವ ಬೆಲೆ ದೊಡ್ಡದೆಂದು ಯಾರಿಗಾದರೂ ತಿಳಿದೀತು. ತೀರಾ ಕಡಿದಾದ ಜಾಗದ ಮರವಾದರೆ ಅದನ್ನು ಅಲ್ಲಿಯೇ ನಿಲ್ಲಲು ಬಿಡುವುದೂ ಒಂದು ಲೆಕ್ಕಾಚಾರವೇ. ನಿಂತ ಮರ ಬಡ್ಡಿ ಕೇಳುವುದಿಲ್ಲ.

ಒಬ್ಬೊಬ್ಬ ಸಣ್ಣ ಹಿಡುವಳಿದಾರ ವಿಂಚು, ಹಗ್ಗ, ಕಪ್ಪಿಗಳನ್ನು ಕೊಳ್ಳಲಾರ. ಕೊಂಡರೂ ಹತ್ತು ವರ್ಷಕ್ಕೊಮ್ಮೆ ಬಳಸುತ್ತಾನೆ. ಇಲ್ಲಿಯೇ ಸಹಕಾರದ ಕೆಲಸವಿರುವುದು. ಆಲ್ಪ್ಸ್ ಪರ್ವತದ ನಾಡುಗಳಲ್ಲಿ ಕಣಿವೆಯ ಮೇಲೆ ತಂತಿ ಕಟ್ಟಿ ದಿಮ್ಮಿಗಳನ್ನು ಗಾಳಿಯಲ್ಲೇ ಸಾಗಿಸುತ್ತಾರೆ. ನೆರೆಯ ಭೂತಾನವೂ ಆ ವಿಧಾನವನ್ನು ತನ್ನ ಗುಡ್ಡಗಳಿಗೆ ತಂದುಕೊಂಡಿದೆ. ನಮ್ಮ ಎರಡು ಮೂರು ಲೋಡಿಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಸಂಘವು ಒಂದು ಟ್ರ್ಯಾಕ್ಟರ್ ವಿಂಚು, ಒಳ್ಳೆಯ ಉಕ್ಕಿನ ಹಗ್ಗ, ನಾಲ್ಕು ಕಪ್ಪಿ ಇಟ್ಟುಕೊಂಡು, ಊರಿನ ಐದಾರು ಯುವಕರಿಗೆ ತರಬೇತಿ ಕೊಡಿಸಿ, ಅವರಿಗೆ ಅಪಘಾತ ವಿಮೆ ಮಾಡಿಸಿ, ಸದಸ್ಯರಿಗೆ ಬಾಡಿಗೆಗೆ ಕಳಿಸಿದರೆ ಸಾಕು. ಸದಸ್ಯರು ವ್ಯಾಪಾರಿಯೊಡನೆ ಮಾಡಿಕೊಳ್ಳಬೇಕಾದ ಕರಾರಿನ ಮಾದರಿಯೊಂದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕಚೇರಿಯಲ್ಲಿಡಲಿ. ಅಡಿಕೆಯನ್ನು ಒಟ್ಟಾಗಿ ಮಾರಲು ಕಲಿತ ನಾವು ಮರವನ್ನು ಮಾತ್ರ ಒಬ್ಬೊಬ್ಬರಾಗಿ ಕತ್ತಲೆಯಲ್ಲಿ ಮಾರುತ್ತಿರುವುದು ಏಕೆ?

ಬರುವ ವಾರ್ಷಿಕ ಸಭೆಯಲ್ಲಿ ಸದಸ್ಯರು ಈ ಎರಡು ಬೇಡಿಕೆಗಳನ್ನು ಮುಂದಿಡಬೇಕೆಂದು ಕೋರುತ್ತೇವೆ. ಅಲ್ಲಿಯವರೆಗೆ ಮರ ಮಾರಲು ಹೊರಟವರು ಮುಂಗಡದ ಹಣ ಎಣಿಸುವ ಮುನ್ನ ವ್ಯಾಪಾರಿಯನ್ನು ಕರೆದುಕೊಂಡು ಒಮ್ಮೆ ಗುಡ್ಡ ಹತ್ತಲಿ, ನಾಟಾ ಇಳಿಯುವ ದಾರಿಯನ್ನು ತಾವೇ ತೋರಿಸಲಿ.